ಬಿಳಿ ಕಂಡಲ್ಲೆಲ್ಲ ಜಿಪ್ಸಮ್ ಸುರಿಯಬೇಡಿ

ಮಾನ್ಯರೇ,

ತುಂಗಭದ್ರಾ ಎಡದಂಡೆ ನಾಲೆಯ ಅಚ್ಚುಕಟ್ಟಿನಲ್ಲಿ, ಬದುವಿನ ಮೇಲೆ ಬಿಳಿ ಪುಡಿ ಕಂಡ ಕೂಡಲೇ ಜಿಪ್ಸಮ್ ಚೀಲ ತರುವ ರೂಢಿ ಬೆಳೆದಿದೆ. ಎಷ್ಟೋ ಹೊಲಗಳಲ್ಲಿ ಆ ದುಡ್ಡು ಮಣ್ಣುಪಾಲೇ.

ಬಿಳಿ ಪುಡಿ ಎಂದರೆ ಸಾಮಾನ್ಯವಾಗಿ ನೀರಲ್ಲಿ ಕರಗುವ ಉಪ್ಪು, ಅಂದರೆ ಸವಳು. ಅದನ್ನು ತೊಳೆದು ಹೊರಗೆ ಹರಿಸಬೇಕು, ಬರೀ ಸವಳಿದ್ದರೆ ಜಿಪ್ಸಮ್ಮಿಗೆ ಅಲ್ಲಿ ಕೆಲಸವಿಲ್ಲ. ಜಿಪ್ಸಮ್ ಬೇಕಾದದ್ದು ಕ್ಷಾರ ಮಣ್ಣಿಗೆ. ಕಣಗಳಿಗೆ ಅಂಟಿದ ಸೋಡಿಯಂ ಅನ್ನು ಅದರ ಕ್ಯಾಲ್ಸಿಯಂ ಬಿಡಿಸುತ್ತದೆ. ಸುಳಿವು ಬೇಕೆಂದರೆ ಕಡಲೆಕಾಳಿನಷ್ಟು ಒಣ ಹೆಂಟೆಯನ್ನು ಗಾಜಿನ ಲೋಟದ ಮಳೆನೀರಿಗೆ ಬಿಟ್ಟು, ರಾತ್ರಿಯಿಡೀ ಅಲುಗಿಸದೆ ಇಡಿ. ಹೆಂಟೆಯ ಸುತ್ತ ಹಾಲು ಬೆರೆತಂತೆ ಮಬ್ಬು ಹರಡಿದರೆ ಕ್ಷಾರದ ಅನುಮಾನ. ಬೋರ್‌ವೆಲ್ ನೀರು ಬೇಡ, ಅದರ ಉಪ್ಪೇ ಮಬ್ಬನ್ನು ಅಡಗಿಸುತ್ತದೆ. ಸವಳೂ ಕ್ಷಾರವೂ ಸೇರಿದ ಮಣ್ಣು ಮಾತ್ರ ಈ ಲೋಟಕ್ಕೆ ಸಿಕ್ಕುವುದಿಲ್ಲ, ಹಾಗಾಗಿ ಪ್ರಯೋಗಾಲಯದ ವರದಿ ಬೇಕೇ ಬೇಕು. ರಸಸಾರ (pH) 8.5 ದಾಟಿದರೆ ಕ್ಷಾರದ ಕಡೆಗೆ ನೋಡಿ.

ವರದಿ ಓದುವಲ್ಲೂ ಎಡವುತ್ತಾರೆ. ಉಪ್ಪು ಎಷ್ಟಿದೆ ಎಂದು ತಿಳಿಸುವುದು ವಿದ್ಯುತ್ ವಾಹಕತೆ (EC), ಸವಳಿಗೆ ಎಲ್ಲರೂ ಹೇಳುವ ಅದರ ಮಿತಿ ಮೀಟರಿಗೆ 4 ಡೆಸಿಸೀಮನ್ಸ್. ಅದು ನೀರು ಕುಡಿದು ಕೆಸರಾದ ಮಣ್ಣಿನಿಂದ ಹಿಂಡಿ ತೆಗೆದ ದ್ರಾವಣದ ಲೆಕ್ಕ. ಮಣ್ಣು ಆರೋಗ್ಯ ಕಾರ್ಡಿನಲ್ಲಿರುವುದು ಮಣ್ಣಿನ ಎರಡು–ಎರಡೂವರೆ ಪಟ್ಟು ನೀರು ಬೆರೆಸಿ ಅಳೆದ ಅಂಕಿ. ಎರೆಹೊಲದ ಕಾರ್ಡಿನಲ್ಲಿ 2 ಎಂದಿದ್ದರೆ ‘ನಾಲ್ಕರ ಒಳಗಿದೆ’ ಎಂದು ನೆಮ್ಮದಿಯಿಂದ ಇರಬೇಡಿ, ಆ ಮಿತಿ ಆಗಲೇ ದಾಟಿರುತ್ತದೆ.

ಕ್ಷಾರ ಖಚಿತವಾದರೆ ಮೊದಲು ಮಡಿ ಸಮತಟ್ಟು ಮಾಡಿ, ಬದು ಬಿಗಿ ಮಾಡಿ. ಪ್ರಯೋಗಾಲಯದ ವರದಿ ಲೆಕ್ಕ ಹಾಕಿದ ಪೂರ್ಣ ಜಿಪ್ಸಮ್ ಅಗತ್ಯದ ಅರ್ಧ ಸಾಕು. ಅದನ್ನು ಮೇಲಿನ ನಾಲ್ಕು ಇಂಚಿನಲ್ಲಷ್ಟೇ ಬೆರೆಸಿ. ಆಳಕ್ಕೆ ಉತ್ತರೆ ತೆಳುವಾಗಿ ಹಂಚಿಹೋಗಿ ಮೇಲ್ಮಣ್ಣು ಬಿಗಿಯಾಗಿಯೇ ಉಳಿಯುತ್ತದೆ. ಹತ್ತು–ಹದಿನೈದು ದಿನ ಮಡಿಯಲ್ಲಿ ನೀರು ನಿಲ್ಲುವಂತೆ ಕಟ್ಟಿ, ನಂತರ ಬಸಿದುಬಿಡಿ. ಆಮೇಲೆ ಎಕರೆಗೆ 20 ಕಿಲೋ ಡಯಾಂಚ ಎಂಬ ಹಸಿರೆಲೆ ಗೊಬ್ಬರದ ಬೀಜ ಬಿತ್ತಿ, 45 ದಿನಕ್ಕೆ, ಕಾಂಡ ಬಲಿಯುವ ಮೊದಲೇ ಮಣ್ಣಿಗೆ ಸೇರಿಸಿ. ಭತ್ತಕ್ಕೆ ಎಕರೆಗೆ 10 ಕಿಲೋ ಜಿಂಕ್ ಸಲ್ಫೇಟ್ ತಪ್ಪಿಸಬೇಡಿ. ಯೂರಿಯಾವನ್ನು ಒಂದೇ ಸಲ ಎರಚಿದರೆ ಈ ಮಣ್ಣಿನಲ್ಲಿ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ಮೂರು ಕಂತು ಮಾಡಿ.

ಇಷ್ಟೆಲ್ಲ ಮಾಡಿದರೂ ಬಸಿದ ನೀರಿಗೆ ಹೋಗಲು ದಾರಿ ಇರಬೇಕಲ್ಲ. ಜೊಂಡು ತುಂಬಿದ ಬಸಿಗಾಲುವೆಯಲ್ಲಿ ನೀರು ಹೊಲದ ಮಟ್ಟಕ್ಕೇ ನಿಂತರೆ ತೊಳೆದ ಉಪ್ಪು ಬೇಸಿಗೆಗೆ ಮತ್ತೆ ಮೇಲೇರುತ್ತದೆ. ಲಕ್ಷಗಟ್ಟಲೆ ಸುರಿದು ಹೂಳಿದ ಬಸಿ ಪೈಪುಗಳೂ ಬಾಯಿ ಮುಳುಗಿ ಸುಮ್ಮನೆ ಕೂರುತ್ತವೆ. ಒಬ್ಬ ರೈತ ತನ್ನ ಹೊಲದಲ್ಲಿ ನಿಂತು ಇದನ್ನು ಸರಿ ಮಾಡಲಾರ. ನಾಲೆಗೆ ನೀರು ಬಿಡುವ ಮುನ್ನ ನೀರಾವರಿ ಇಲಾಖೆ ಈ ಬಸಿಗಾಲುವೆಗಳನ್ನು ತೆರವು ಮಾಡಿಸಲಿ. ರೈತ ಸಂಪರ್ಕ ಕೇಂದ್ರಗಳು ಕಾರ್ಡಿನ ರಸಸಾರ ನೋಡಿಯೇ ಜಿಪ್ಸಮ್ ಕೊಡಲಿ.

– ಒಬ್ಬ ಓದುಗ, ಕಾರಟಗಿ