ಡಬ್ಬಿಯ ಮೇಲೆ 125 ಗ್ರೇನ್, ಒಳಗೆ 100: ನಿಮಗೆ ಕೊನೆಯ ಪತ್ರ

ಗೆ,
ವ್ಯವಸ್ಥಾಪಕರು,
ಬಿಲ್ಲು-ಬಾಣದ ಅಂಗಡಿ, ಬೆಂಗಳೂರು

ಮಾನ್ಯರೇ,

ಐದು ಸಲ ಫೋನ್ ಮಾಡಿದೆ. ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. ಸಮಾಧಾನವಾಗಿ ಬರೆಯಬೇಕು ಅಂತ ಕಾಫಿ ಕುಡಿದೇ ಕೂತಿದ್ದೇನೆ.

ನಾನು ಕೊಂಡಿದ್ದು 125 ಗ್ರೇನ್‌ನ ಒಂದು ಡಜನ್ ಬಾಣದ ಮೊನೆ. ಗ್ರೇನ್ ಅಂದರೆ ಮೊನೆ ತೂಗುವ ಸಣ್ಣ ಅಳತೆ. ನನ್ನದು ಎಳೆಯಲು 35 ಪೌಂಡ್ ಬಲ ಬೇಕಾದ ಮರದ ಬಿಲ್ಲು. ಗುರಿ ನೋಡುವ ಸೈಟಿಲ್ಲ, ಚಕ್ರವಿಲ್ಲ. ಬಾಣದ ಕಡ್ಡಿ ಕಾರ್ಬನ್ ಶಾಫ್ಟು, ಸ್ಪೈನ್ 600. ಸ್ಪೈನ್ ಅಂದರೆ ಶಾಫ್ಟು ಎಷ್ಟು ಬಾಗುತ್ತದೆ ಅನ್ನುವ ಅಂಕಿ, ಅಂಕಿ ದೊಡ್ಡದಾದಷ್ಟೂ ಶಾಫ್ಟು ಮೆತ್ತಗೆ. ಮೊನೆ ಭಾರವಾದಷ್ಟೂ ಬಾಣ ಬಿಡುವಾಗ ಶಾಫ್ಟು ಜಾಸ್ತಿ ಬಾಗುತ್ತದೆ. ಹಗುರವಾದರೆ ಬಿಗಿಯಾಗೇ ಉಳಿಯುತ್ತದೆ. ನನ್ನಂಥ ಬಲಗೈಯವರ ಬಿಗಿ ಬಾಣ ಎಡಕ್ಕೆ ಹೋಗುತ್ತದೆ. ಇದೆಲ್ಲ ನಿಮ್ಮ ಕ್ಯಾಟಲಾಗಿನಲ್ಲೇ ಇದೆ, ನಿಮಗೆ ಹೇಳಿಕೊಡಬೇಕಾ?

ಎರಡು ವಾರ ನನ್ನ ಬಾಣಗಳೆಲ್ಲ ಎಡಕ್ಕೇ ಹೋದವು. ಗರಿ ಕಿತ್ತ ಬಾಣ ಬಿಟ್ಟು ನೋಡಿದೆ, ಅದು ಇನ್ನೂ ಎಡಕ್ಕೆ. ಕೈ ಬಿಡುವುದೇ ಸರಿಯಿಲ್ಲ ಅಂತ ಕೋಚ್ ಬೈದರು. ನಿಮ್ಮವರನ್ನು ಕೇಳಿದೆ. "ಶಾಫ್ಟ್ ಗಟ್ಟಿಯಾಯ್ತು ಮೇಡಂ, 700 ತಗೊಳ್ಳಿ" ಅಂದರು. ಆರು ತಗೊಂಡೆ. 4,200 ರೂಪಾಯಿ. ಬಾಣ ನೇರ ಹೋದವು, ನಾನು ಥ್ಯಾಂಕ್ಸ್ ಕೂಡ ಹೇಳಿದೆ! ಆದರೆ ಆರರಲ್ಲಿ ಎರಡು ಮಾತ್ರ ಯಾವಾಗಲೂ ಬೇರೆ ಕಡೆ ಬೀಳುತ್ತಿದ್ದವು. ಆಗ ಅನುಮಾನ ಬಂತು.

ನಗರ್ತಪೇಟೆಯ ಅಕ್ಕಸಾಲಿಯೊಬ್ಬರ ಹತ್ತಿರ ತೂಕ ಹಾಕಿಸಿದೆ. 125 ಗ್ರೇನ್ ಅಂದರೆ 8.1 ಗ್ರಾಂ. ನಿಮ್ಮ ಹತ್ತು ಮೊನೆ ತಲಾ 6.5 ಗ್ರಾಂ ಬಂದವು, ಅಂದರೆ ಬರೀ 100 ಗ್ರೇನ್. ಉಳಿದೆರಡು 7.4. ಅವು ಯಾವ ಲೆಕ್ಕದವೋ ದೇವರಿಗೇ ಗೊತ್ತು. "ತೊಲಕ್ಕೆ 180 ಗ್ರೇನ್ ಅಲ್ವಾ ಅಮ್ಮ" ಅಂದರು ಅಕ್ಕಸಾಲಿ. ಜೀವನದಲ್ಲಿ ಬಾಣ ಮುಟ್ಟದವರು! ಗೆಳತಿಯ ಹತ್ತಿರ ಸರಿಯಾದ 125ರ ಮೊನೆ ಇಸ್ಕೊಂಡು ಹಳೇ 600ಕ್ಕೇ ತಿರುಗಿಸಿದೆ. ನೇರ ಹೋಯಿತು. ರೋಗ ಹಚ್ಚಿದವರೇ ಔಷಧಿಯನ್ನೂ ಮಾರಿದಿರಿ.

ಹೋದ ಶನಿವಾರ ಡಬ್ಬಿ ಹಿಡಿದು ಅಂಗಡಿಗೇ ಬಂದೆ. ಕೌಂಟರಿನ ಹುಡುಗ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಮಗನಿಗಾ ಮೇಡಂ?" ಅಂದ. "ನನಗೆ" ಅಂದೆ. ಆಗ ಎತ್ತಿದ. ಮೊದಲು ನನ್ನ ಸೀರೆ ನೋಡಿದ, ಆಮೇಲೆ ಚಪ್ಪಲಿ. ಚಪ್ಪಲಿ ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ. ತೂಕ ಕಮ್ಮಿ ಇದೆ ಅಂದೆ. ಒಂದು ಮೊನೆಯನ್ನು ಅಂಗೈಯಲ್ಲಿಟ್ಟು, ಕಣ್ಣು ಮುಚ್ಚಿ, ಎರಡು ಸಲ ಕುಣಿಸಿದ. "ಇದೆ ಮೇಡಂ. 125 ಗ್ರಾಂ, ಪಕ್ಕಾ." 125 ಗ್ರಾಂ ಅಂದರೆ ಒಂದು ದಪ್ಪ ಟೊಮೆಟೊ ಕಣ್ರೀ. "ಗ್ರಾಂ ಅಲ್ಲಪ್ಪಾ, ಗ್ರೇನ್" ಅಂದೆ. "ಎರಡೂ ಒಂದೇ ಮೇಡಂ." ಹಿಂದೆ ನಿಂತಿದ್ದ ಇಬ್ಬರು ಕಿಸಕ್ಕನೆ ನಕ್ಕರು. ಅವನನ್ನು ನೋಡಿ ಅಲ್ಲ, ನನ್ನನ್ನು ನೋಡಿ. ಅವನಿಗೆ ಇನ್ನಷ್ಟು ಹುರುಪು ಬಂತು. "ಮೇಡಂ ಬನ್ನೇರುಘಟ್ಟಕ್ಕೆ ಬೇಟೆಗೆ ಹೊರಟಿದ್ದಾರೆ" ಅಂದ.

ಬೇಟೆಗೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಇದೆ ಅಂತ ಎಂಟನೇ ತರಗತಿಗೆ ಪಾಠ ಮಾಡುವವಳು ನಾನು. ಡಬ್ಬಿಯ ಮೇಲೆ ಜಿಂಕೆ ಚಿತ್ರ ಹಾಕಿ ಹಂಟಿಂಗ್ ಅಂತ ಮಾರುವವರು ನೀವು. ನಾನು ಹೊಡೆಯುವುದು ಫೋಮಿನ ಹಂದಿಗೆ. ಹೊರದೇಶದ ಬೇಟೆಗಾರರಿಂದ ತಗೊಂಡಿದ್ದು ಒಂದು ಲೆಕ್ಕ ಮಾತ್ರ: ಬೇಟೆಯ ಬ್ರಾಡ್‌ಹೆಡ್, ಅಂದರೆ ಅಲಗಿರುವ ಮೊನೆ, ಎಷ್ಟು ತೂಕವೋ ಅಭ್ಯಾಸದ ಮೊನೆಯೂ ಅಷ್ಟೇ ಇರಬೇಕು. ಅವರು ತೂಕವನ್ನು ಅಷ್ಟು ನಂಬುತ್ತಾರೆ. ಅವರು ನಿಮ್ಮ ಅಂಗಡಿಗೆ ಬಂದಿಲ್ಲ, ಪುಣ್ಯವಂತರು.

ತಪ್ಪು ಸಾಮಾನನ್ನು 30 ದಿನದೊಳಗೆ ಬದಲಿಸುತ್ತೇವೆ ಅಂತ ಬಿಲ್ಲಿನ ಹಿಂದೆ ನೀವೇ ಅಚ್ಚು ಹಾಕಿಸಿದ್ದೀರಿ. ಅವತ್ತು 26ನೇ ದಿನ. "ಡಬ್ಬಿ ಒಡೆದಿದ್ದೀರಲ್ಲ" ಅಂದ. ಒಡೆಯದೆ ತೂಕ ಹಾಕುವುದು ಹೇಗೆ? ಅಂಗೈ ಮೇಲಾ? ನನ್ನ ಹತ್ತಿರ ಎರಡು ಬಿಲ್ಲಿವೆ ಸ್ವಾಮಿ, ಮರದ್ದು ಮಾತ್ರ ಇದುವರೆಗೆ ಸುಳ್ಳು ಹೇಳಿಲ್ಲ.

ಮೊನೆಯ ದುಡ್ಡು, ಶಾಫ್ಟಿನ 4,200, ಎರಡೂ ಹದಿನೈದು ದಿನದೊಳಗೆ ವಾಪಸ್ ಬರಬೇಕು. ಇಲ್ಲದಿದ್ದರೆ ಮೊದಲು ಗ್ರಾಹಕರ ಸಹಾಯವಾಣಿ 1915, ಆಮೇಲೆ ಗ್ರಾಹಕರ ಆಯೋಗ. 5 ಲಕ್ಷದವರೆಗಿನ ದೂರಿಗೆ ಅಲ್ಲಿ ಶುಲ್ಕವಿಲ್ಲ. ಹೆಂಗಸರಿಗೆ ಬಸ್ಸೂ ಪುಕ್ಕಟೆ. ಪೇಪರ್ ತಿದ್ದಿ ಮುಗಿದಿದೆ, ಬೇಸಿಗೆ ರಜೆ ಪೂರ್ತಿ ಬಾಕಿ ಇದೆ. ಕಾನೂನು ಮಾಪನ ಇಲಾಖೆಯಲ್ಲಿ ನನ್ನ ಹಳೇ ವಿದ್ಯಾರ್ಥಿಯೊಬ್ಬ ಇದ್ದಾನೆ. ತೂಕ-ಅಳತೆಯ ಪಾಠ ಅವನಿಗೆ ಮಾಡಿದ್ದು ನಾನೇ. ದುಡ್ಡು ವಾಪಸ್ ಬಂದರೂ ಅವನಿಗೊಂದು ಫೋನ್ ಮಾಡುತ್ತೇನೋ ಏನೋ, ಇನ್ನೂ ತೀರ್ಮಾನ ಮಾಡಿಲ್ಲ.

ಇಂತಿ,
ನಿಮ್ಮ ಗ್ರಾಹಕಿ (ಸದ್ಯಕ್ಕೆ)