ಬ್ರ್ನೊದ ಟ್ರೌಟೆ, ನಮ್ಮನೆ ಪುಟ್ಟಿ

ಪ್ರೀತಿಯ ಅಕ್ಕ, ಭಾವ ಇಬ್ಬರಿಗೂ ನಮಸ್ಕಾರ.

ಪುಟ್ಟಿ ಟಿಟಿ (ಟೇಬಲ್ ಟೆನಿಸ್) ಬಿಡಬೇಕೋ ಬೇಡವೋ ಅನ್ನುವ ಪಂಚಾಯಿತಿ ಇನ್ನೂ ಮುಗಿದಿಲ್ಲ ಅಂತ ಅಮ್ಮ ಫೋನಿನಲ್ಲಿ ಹೇಳಿದಳು. ನಾನು ಇಷ್ಟು ದೂರ ಕೂತು ತೀರ್ಪು ಕೊಡುವುದಿಲ್ಲ ಬಿಡು. ಆದರೆ "ಹೆಚ್ಚೆಂದರೆ ಎರಡು ಮೂರು ವರ್ಷ ಆಡೋ ಆಟಕ್ಕೆ ಇಷ್ಟೆಲ್ಲ ಯಾಕೆ" ಅಂತ ಭಾವ ಕೇಳಿದರಂತಲ್ಲ, ಅದನ್ನು ಕೇಳಿದಾಗಿನಿಂದ ಈ ಊರಿನ ಹುಡುಗಿಯೊಬ್ಬಳು ನನ್ನ ತಲೆಯಲ್ಲೇ ಇದ್ದಾಳೆ.

ಹೆಸರು ಗೆರ್ಟ್ರುಡ್ ಕ್ಲೈನೊವಾ, ಟ್ರೌಟೆ ಅಂತ ಕರೆಯುತ್ತಿದ್ದರು. ಹುಟ್ಟಿದ್ದು 1918ರಲ್ಲಿ, ಇಲ್ಲೇ ಚೆಕ್ ದೇಶದ ಬ್ರ್ನೊದಲ್ಲಿ. ಯಹೂದಿ ಮನೆ ಹುಡುಗಿ, ಇಲ್ಲಿನ ಯಹೂದಿಗಳ ಮಕ್ಕಾಬಿ ಕ್ರೀಡಾ ಕ್ಲಬ್ಬಿಗೆ ಆಡುತ್ತಿದ್ದಳು. 1935ರಲ್ಲಿ ವೆಂಬ್ಲಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಚೆಕೊಸ್ಲೊವಾಕಿಯಾದ ಹೆಂಗಸರ ತಂಡಕ್ಕೆ ಚಿನ್ನ ಬಂತು, ಆ ತಂಡದಲ್ಲಿ ಇವಳೂ ಇದ್ದಳು. ಆಗ ಅವಳಿಗೆ ಹದಿನಾರು, ಪುಟ್ಟಿಯ ವಯಸ್ಸೇ! ತಂಡದ ದೊಡ್ಡ ಹೆಸರು ಮಾತ್ರ ಮರಿಯೆ ಕೆಟ್ನೆರೊವಾ. 1934ರಲ್ಲೂ 1935ರಲ್ಲೂ ಸಿಂಗಲ್ಸ್ ವಿಶ್ವ ಚಾಂಪಿಯನ್ ಆದವಳು ಅವಳೇ. ಅಂಥವಳ ಜೊತೆ ಆಡುತ್ತಾ ಬೆಳೆಯುವುದು ಅಂದರೆ ಸುಮ್ನೆ ಅಲ್ಲ.

ಮರುವರ್ಷ ಚಾಂಪಿಯನ್‌ಶಿಪ್ ಪ್ರಾಗ್‌ಗೇ ಬಂತು. ನಡೆದದ್ದು ಲುತ್ಸೆರ್ನಾ ಅನ್ನುವ ಕಟ್ಟಡದಲ್ಲಿ. ಊರಿನ ನಟ್ಟನಡುವೆ ಈಗಲೂ ಇದೆ, ಒಳಗೆ ಸಿನಿಮಾ, ಕೆಫೆ, ಸಂಗೀತ ಎಲ್ಲ ನಡೆಯುತ್ತದೆ. ಮೊನ್ನೆ ಪ್ರಾಗ್‌ಗೆ ಹೋದಾಗ ನಾನೂ ಒಳಗೆ ಹೋಗಿ ಒಂದು ಕಾಫಿ ಕುಡಿದು ಬಂದೆ. ಅಲ್ಲಿ ಕೂತವರಲ್ಲಿ ಒಬ್ಬರಾದರೂ ಟೇಬಲ್ ಟೆನಿಸ್ ಬಗ್ಗೆ ಯೋಚಿಸುತ್ತಿರಲಿಲ್ಲ ಅಂತ ನಾನು ಬರೆದು ಕೊಡ್ತೇನೆ.

ಇಲ್ಲಿಂದ ಮುಂದೆ ಪುಟ್ಟಿಗೆ ಓದಿ ಹೇಳು. ಆಗಿನ ಬ್ಯಾಟಿನಲ್ಲಿ ಸ್ಪಂಜ್ ಇರಲಿಲ್ಲ, ಮರದ ಮೇಲೆ ತೆಳ್ಳಗಿನ ಗುಳ್ಳೆ ಗುಳ್ಳೆ ರಬ್ಬರ್ ಅಷ್ಟೇ. ನೆಟ್ ಈಗಿನದಕ್ಕಿಂತ ಸುಮಾರು ಎರಡು ಸೆಂಟಿಮೀಟರ್ ಎತ್ತರ. ಹಾಗಾಗಿ ಹೊಡೆದು ಗೆಲ್ಲುವುದು ಕಷ್ಟ, ಚಾಪ್ ಮಾಡುತ್ತಾ (ಚೆಂಡಿನ ಅಡಿಗೆ ಕೊಯ್ದ ಹಾಗೆ ಹೊಡೆಯುತ್ತಾ) ಅಥವಾ ಸುಮ್ಮನೆ ಚೆಂಡು ದಾಟಿಸುತ್ತಾ ಎದುರಾಳಿ ಸುಸ್ತಾಗುವ ತನಕ ನಿಂತುಬಿಡುವುದು ಸುಲಭ. ಆ ಸಲ ಪೋಲೆಂಡಿನ ಎರ್ಲಿಖ್ ಮತ್ತು ರುಮೇನಿಯಾದ ಪಾನೆಟ್ ಆಡಿದ ಮ್ಯಾಚಿನಲ್ಲಿ ಮೊದಲನೇ ಪಾಯಿಂಟ್ ಒಂದೇ ಎರಡು ಗಂಟೆಗೂ ಜಾಸ್ತಿ ಹೊತ್ತು ನಡೆಯಿತು. ಸೆಟ್ ಅಲ್ಲ, ಒಂದು ಪಾಯಿಂಟ್! ಭಾವನ ಪೂಜೆ ಕೂಡ ಅಷ್ಟು ಹೊತ್ತು ನಡೆಯಲ್ಲ ಅಲ್ವಾ.

ಇಂಥ ಆಟದ ಕಾಲದಲ್ಲಿ, ಅದೇ ಪ್ರಾಗ್ ಚಾಂಪಿಯನ್‌ಶಿಪ್‌ನಲ್ಲಿ, ಟ್ರೌಟೆ ಮಿಲೊಸ್ಲಾವ್ ಹಮ್ರ್ ಜೊತೆ ಆಡಿ ಮಿಕ್ಸೆಡ್ ಡಬಲ್ಸ್ ಗೆದ್ದಳು. ಡಬಲ್ಸ್‌ನಲ್ಲಿ ಇಬ್ಬರೂ ಒಂದಾದ ಮೇಲೊಂದು ಹೊಡೆಯಲೇಬೇಕು, ಬ್ಯಾಡ್ಮಿಂಟನ್ನಿನ ಹಾಗೆ ಗಂಡಸು ಹಿಂದೆ ನಿಂತು ಎಲ್ಲ ತಾನೇ ನೋಡಿಕೊಳ್ಳುವುದು ಇಲ್ಲಿ ನಡೆಯುವುದಿಲ್ಲ. ಹಾಗಾಗಿ ಆ ಚಿನ್ನದಲ್ಲಿ ಸರಿಯಾಗಿ ಅರ್ಧ ಅವಳದ್ದೇ. ತಂಡದ ಚಿನ್ನವೂ ಅದೇ ವಾರ ಮತ್ತೆ ಬಂತು. ಅಲ್ಲಿಗೆ ಮೂರು ವಿಶ್ವ ಪಟ್ಟ, ವಯಸ್ಸು ಹದಿನೇಳು.

ಪ್ರಾಗ್‌ನ ಆ ಪಾಯಿಂಟ್ ಆದ ಮೇಲೆ ಆಟಕ್ಕೆ ಸಮಯದ ಮಿತಿ ಹಾಕಿದರು. 1937ರಲ್ಲಿ ವಿಯೆನ್ನಾ ಹತ್ತಿರದ ಬಾಡೆನ್‌ನಲ್ಲಿ ಹೆಂಗಸರ ಫೈನಲ್ ಆ ಮಿತಿ ಮೀರಿತು ಅಂತ ಇಬ್ಬರನ್ನೂ ಹೊರಗೆ ಹಾಕಿ, ಪಟ್ಟವನ್ನೇ ಖಾಲಿ ಬಿಟ್ಟರು. ಕೊನೆಗೆ 2001ರಲ್ಲಿ ಇಬ್ಬರೂ ಚಾಂಪಿಯನ್ ಅಂತ ಒಪ್ಪಿಕೊಂಡರು! ಹತ್ತು ನಿಮಿಷದ ಮೇಲೆ ಆಟ ಬೇಗ ಮುಗಿಸಲು ಬರುವ ಆ ಎಕ್ಸ್‌ಪಿಡೈಟ್ ರೂಲನ್ನು ಪುಟ್ಟಿ ಬೈಯುತ್ತಾಳಲ್ಲ, ಅದರ ಬೇರು ಇಲ್ಲಿದೆ.

ಟ್ರೌಟೆಯ ವಿಶ್ವ ಪದಕಗಳೆಲ್ಲ 1935ರಿಂದ 1937ರ ಒಳಗೇ ಬಂದವು. 1939ರ ಮಾರ್ಚ್‌ನಲ್ಲಿ ಜರ್ಮನ್ ಸೈನ್ಯ ಈ ಊರಿಗೆ ನುಗ್ಗಿತು. 1941ರ ಡಿಸೆಂಬರ್‌ನಲ್ಲಿ ಅವಳನ್ನೂ, ಅವಳ ಕೋಚ್ ಆಗಿದ್ದ ಗಂಡನನ್ನೂ ತೆರೆಜಿನ್ ಅನ್ನುವ ನಾಜಿ ಬಂಧನ ಶಿಬಿರಕ್ಕೆ ಸಾಗಿಸಿದರು, 1944ರಲ್ಲಿ ಅಲ್ಲಿಂದ ಆಶ್ವಿಟ್ಜ್ ಅನ್ನುವ ಸಾವಿನ ಶಿಬಿರಕ್ಕೆ. ಗಂಡ ವಾಪಸ್ ಬರಲಿಲ್ಲ. ಅವಳು ಬದುಕಿ ಬಂದು ಅಮೆರಿಕಕ್ಕೆ ಹೋದಳು, 1976ರಲ್ಲಿ ತೀರಿಕೊಂಡಳು. ಊರಿನ ಯಹೂದಿಗಳನ್ನು ರೈಲು ಹತ್ತಿಸುವ ಮೊದಲು ಕೂಡಿಹಾಕುತ್ತಿದ್ದದ್ದು ಮೆರ್ಹೌಟೊವಾ ರಸ್ತೆಯ ಒಂದು ಶಾಲೆಯಲ್ಲಿ. ಗೋಡೆಗೆ ಒಂದು ಫಲಕ ಇದೆ. ಅದರ ಮುಂದೆಯೇ ಮಕ್ಕಳು ಬ್ಯಾಗ್ ಹಾಕಿಕೊಂಡು ಓಡಾಡುತ್ತಿರುತ್ತಾರೆ.

ಅಕ್ಕ, ನನಗೆ ಒಂದು ವಿಷಯಕ್ಕೆ ಸಿಟ್ಟು ಬರುತ್ತದೆ. ಅವಳ ಬಗ್ಗೆ ಮಾತು ಬಂದಾಗೆಲ್ಲ ಮೊದಲು ಆಶ್ವಿಟ್ಜ್, ಆಮೇಲೆ "ಹಾಂ, ಟಿಟಿನೂ ಆಡ್ತಿದ್ದಳು". ಅದು ಅವಳಿಗೆ ಬೇರೆಯವರು ಮಾಡಿದ್ದು. ಅವಳು ತಾನಾಗಿ ಮಾಡಿದ್ದು ಆ ಮೂರು ವರ್ಷದ ಆಟ. ಮೊದಲು ಅದನ್ನು ಹೇಳಬೇಕು ಅಂತ ನನ್ನ ಹಟ.

ಭಾವ ಈಗ ಅರ್ಚನಾ ಕಾಮತ್ ಉದಾಹರಣೆ ತೆಗೆಯುತ್ತಾರೆ, ಗೊತ್ತು. ಬೆಂಗಳೂರಿನ ಹುಡುಗಿ, 2024ರ ಪ್ಯಾರಿಸ್ ಒಲಿಂಪಿಕ್ಸ್ ಆದ ಮೇಲೆ ಓದೋಕೆ ಅಂತ ಆಟ ಬಿಟ್ಟಳು, ನಿಜ. ಆದರೆ ಬಿಡುವ ಮೊದಲು ಜರ್ಮನಿ ಮೇಲೆ ಕ್ವಾರ್ಟರ್‌ಫೈನಲ್‌ನಲ್ಲಿ ನಮ್ಮ ತಂಡ ಗೆದ್ದ ಒಂದೇ ಮ್ಯಾಚು ಅವಳದ್ದು, ಅದನ್ನೂ ಸೇರಿಸಿ ಹೇಳಲಿ.

ಇಲ್ಲಿ ಚಳಿ ಶುರುವಾಗಿದೆ, ನಾಲ್ಕು ಗಂಟೆಗೇ ಕತ್ತಲು. ನನ್ನ ಜೊತೆ ಕೆಲಸ ಮಾಡುವ ಹುಡುಗ ಮುಂದಿನ ತಿಂಗಳು ಬೆಂಗಳೂರಿಗೆ ಬರುತ್ತಾನೆ. ಪುಟ್ಟಿಗೆ ಯಾವ ರಬ್ಬರ್ ಬೇಕು, ಎಷ್ಟು ದಪ್ಪ, ಕೆಂಪೋ ಕಪ್ಪೋ, ಅವಳನ್ನೇ ಕೇಳಿ ಬರಿ. ಭಾವನಿಗೆ ದುಡ್ಡು ಎಷ್ಟು ಅಂತ ಹೇಳಬೇಡ.

ನಿನ್ನ ತಂಗಿ