ಸಂಪಾದಕಿಯ ಮಾತು: ಅಮ್ಮ ಕುಳಿತು ಕುಡಿದ ಪಾನಕ

ಸಂಚಿಕೆ ಇಂದು ರಾತ್ರಿ ಮುದ್ರಣಕ್ಕೆ ಹೋಗಬೇಕು. ನಡುಮನೆಯಲ್ಲಿ ಅಪ್ಪ ಅಮ್ಮನ ನಾಲ್ಕು ಸೂಟ್‌ಕೇಸುಗಳು ಬಾಯಿ ತೆರೆದುಕೊಂಡು ಬಿದ್ದಿವೆ. ಅಪ್ಪ ತೂಕದ ಕೊಕ್ಕೆಗೆ ಒಂದೊಂದನ್ನೂ ಸಿಕ್ಕಿಸಿ ಎತ್ತುತ್ತಾರೆ, 23 ಕಿಲೋ ದಾಟಿದರೆ ಬಾದಾಮಿಯ ಪೊಟ್ಟಣ ತೆಗೆದು ಇನ್ನೊಂದಕ್ಕೆ ಹಾಕುತ್ತಾರೆ. ಬರುವ ಗುರುವಾರ ಅವರ ವಿಮಾನ. ನಮ್ಮ ಜೊತೆಗಿರಲು ಊರಿನಿಂದ ಬಂದ ಅವರ ಆರು ತಿಂಗಳು ಮುಗಿದೇಹೋಯಿತು. ಈ ವಾರ ಹೇಗಿರುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಯುಗಾದಿ ಸಂಚಿಕೆಯಲ್ಲಿ ಬೇವು ಬೆಲ್ಲದ ಬಗ್ಗೆ ಬರೆಯುವುದು ವಾಡಿಕೆ. ಈ ಸಲ ಪಾನಕದ ಬಗ್ಗೆ ಬರೆಯುತ್ತೇನೆ, ಅದೂ ಮೆಕ್ಸಿಕೋದ ಕಡಲ ದಂಡೆಯಲ್ಲಿ ಕುಡಿದ ಪಾನಕದ ಬಗ್ಗೆ. ನಮ್ಮ ಸಂಘದ ಕಳೆದ ಸಭೆಯಲ್ಲಿ ಐದಾರು ಮಂದಿ ಒಂದೇ ಪ್ರಶ್ನೆ ಕೇಳಿದ್ದರು. ಊರಿನಿಂದ ಬಂದ ಹಿರಿಯರನ್ನು ಫ್ಲೋರಿಡಾದ ನಮ್ಮ ಟ್ಯಾಂಪಾದಿಂದ ಕ್ರೂಸ್ ಹಡಗಿನಲ್ಲಿ ಕರೆದುಕೊಂಡು ಹೋದರೆ, ಹಡಗು ನಿಲ್ಲುವ ಊರಿನಲ್ಲಿ ಅವರನ್ನು ಹೆಚ್ಚು ನಡೆಸದೆ, ನೆರಳಿನಲ್ಲಿ ಕೂರಿಸಿ, ಕುಳಿತಲ್ಲಿಗೇ ತಣ್ಣನೆಯ ಪಾನೀಯ ತಂದುಕೊಡುವ ಕಡಲತೀರ ಎಲ್ಲಿದೆ? ಮಕ್ಕಳ ವಸಂತ ರಜೆಯಲ್ಲಿ ನಾವು ಹೋಗಿ ಬಂದದ್ದು ಕೊಝುಮೆಲ್ ದ್ವೀಪಕ್ಕೆ. ಅಲ್ಲಿ ನೋಡಿದ್ದನ್ನು ಹೇಳುತ್ತೇನೆ.

ಮೊದಲು ಕಾಗದಪತ್ರ. ಹಿರಿಯರ ಪಾಸ್‌ಪೋರ್ಟಿನಲ್ಲಿ ಅವಧಿ ಮುಗಿಯದ ಅಮೆರಿಕದ ವೀಸಾ ಇದ್ದರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಆದರೆ ಅದು ಹಲವು ಬಾರಿ ಪ್ರವೇಶಿಸಲು ಅನುಮತಿ ಇರುವ ವೀಸಾ ಆಗಿರಲಿ, ಏಕೆಂದರೆ ನೀವು ಮರಳಿ ಅಮೆರಿಕದೊಳಗೆ ಬರಬೇಕು. ಟಿಕೆಟ್‌ಗೆ ಹಣ ಕಟ್ಟುವ ಮುನ್ನ ಹಡಗಿನ ಕಂಪನಿಯನ್ನು ಒಮ್ಮೆ ಕೇಳಿ ಖಚಿತಪಡಿಸಿಕೊಳ್ಳಿ.

ಟ್ಯಾಂಪಾದಿಂದ ಹೊರಡುವ ಹಡಗು ಸನ್‌ಶೈನ್ ಸ್ಕೈವೇ ಸೇತುವೆಯ ಕೆಳಗೆ ತೂರಿಕೊಂಡು ಕಡಲಿಗೆ ಇಳಿಯುತ್ತದೆ. ತೀರಾ ದೊಡ್ಡ ಹಡಗುಗಳು ಆ ಸೇತುವೆಯ ಕೆಳಗೆ ಹಿಡಿಸುವುದಿಲ್ಲ, ಹಾಗಾಗಿ ನಮ್ಮ ಬಂದರಿಗೆ ಬರುವುದೂ ಇಲ್ಲ. ಹಿರಿಯರಿಗೆ ಇದೇ ಅನುಕೂಲ, ಹಡಗಿನೊಳಗೆ ಮೈಲುಗಟ್ಟಲೆ ನಡೆಯಬೇಕಾಗಿಲ್ಲ. ಕೊಝುಮೆಲ್‌ನಲ್ಲಿ ಹಡಗು ಕಟ್ಟೆಗೇ ಬಂದು ತಾಗುತ್ತದೆ. ಮೂರು ಕಟ್ಟೆಗಳಿವೆ. ಒಂದು ಊರಿನ ನಡುವೆಯೇ ಇದೆ, ಎರಡು ಅದರ ದಕ್ಷಿಣಕ್ಕಿವೆ. ಹೊರಗೆ ಬಂದರೆ ಟ್ಯಾಕ್ಸಿಗಳ ಸಾಲು. ಮೀಟರ್ ಇಲ್ಲ, ಯಾವ ಜಾಗಕ್ಕೆ ಎಷ್ಟು ಎಂದು ದರ ಗೊತ್ತುಪಡಿಸಿರುತ್ತಾರೆ. ಹತ್ತುವ ಮುನ್ನ ಕೇಳಿಕೊಳ್ಳಿ. ಕುಳಿತು ವಿಶ್ರಮಿಸುವ ಬೀಚ್ ಕ್ಲಬ್ಬುಗಳು ಹೆಚ್ಚಾಗಿ ಇರುವುದು ಪಶ್ಚಿಮದ ದಂಡೆಯಲ್ಲಿ, ಊರಿನಿಂದ ದಕ್ಷಿಣಕ್ಕೆ. ಆ ಬದಿಯಲ್ಲಿ ನೀರು ಶಾಂತ. ಪೂರ್ವದ ದಂಡೆ ನೋಡಲು ಸುಂದರ, ಆದರೆ ಅಲ್ಲಿ ಅಲೆ ಮತ್ತು ಸೆಳೆತ ಜೋರು, ಹಿರಿಯರನ್ನೂ ಮಕ್ಕಳನ್ನೂ ನೀರಿಗೆ ಇಳಿಸಬೇಡಿ. 2011ರಿಂದೀಚೆಗೆ ಕೆರಿಬಿಯನ್ ತೀರಗಳಿಗೆ ರಾಶಿ ರಾಶಿಯಾಗಿ ಬಂದು ಬೀಳುತ್ತಿರುವ ಸರ್ಗ್ಯಾಸಮ್ ಎಂಬ ಕಡಲಪಾಚಿಯೂ ಪೂರ್ವಕ್ಕೆ ಮುಖ ಮಾಡಿದ ತೀರಗಳನ್ನೇ ಹೆಚ್ಚು ಕಾಡುತ್ತದೆ. ಕೊಳೆತರೆ ಅದರ ವಾಸನೆ ತಡೆಯಲಾಗದು. ಬೇಸಿಗೆಯಲ್ಲಿ ಮೆಕ್ಸಿಕೋದ ಪೂರ್ವ ತೀರದ ಕೋಸ್ಟಾ ಮಾಯಾ ಬಂದರಿಗೆ ಹೋಗುವವರು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಕ್ಲಬ್ಬುಗಳಲ್ಲಿ ಎರಡು ಬಗೆ. ಒಂದರಲ್ಲಿ ಮುಂಗಡವಾಗಿ ಒಬ್ಬರಿಗೆ ಇಷ್ಟೆಂದು ಕಟ್ಟಿಬಿಟ್ಟರೆ ಊಟ, ಪಾನೀಯ, ಕುರ್ಚಿ, ನೆರಳು ಎಲ್ಲ ಅದರಲ್ಲೇ ಸೇರಿರುತ್ತವೆ. ಇನ್ನೊಂದರಲ್ಲಿ ಕುಡಿದದ್ದಕ್ಕೆ, ತಿಂದದ್ದಕ್ಕೆ ಆಗಾಗ ಹಣ ಕೊಡಬೇಕು. ಮಿಸ್ಟರ್ ಸ್ಯಾಂಚೋಸ್ ಮೊದಲ ಬಗೆಯದು, ದೊಡ್ಡದು, ಗದ್ದಲವೂ ಹೆಚ್ಚು. ನಾಚಿ ಕೋಕೋಮ್ ಕೂಡ ಮೊದಲ ಬಗೆಯದೇ, ಆದರೆ ದಿನಕ್ಕೆ ಇಷ್ಟೇ ಜನ ಎಂದು ಮಿತಿ ಇಟ್ಟುಕೊಂಡಿದೆ, ಬೇಗ ಕಾದಿರಿಸಬೇಕು. ಗಾಳಿ ಜೋರಾಗಿದ್ದರೆ ಹಡಗು ದ್ವೀಪಕ್ಕೆ ನಿಲ್ಲದೆ ಮುಂದೆ ಹೋಗುವುದೂ ಉಂಟು. ಹಾಗಾದರೆ ಹಣ ಹಿಂದಿರುಗಿಸುತ್ತಾರೆಯೇ ಎಂದು ಕಾದಿರಿಸುವಾಗಲೇ ಓದಿಕೊಳ್ಳಿ.

ನಮ್ಮ ಮನೆಯಲ್ಲಿ ಲೆಕ್ಕ ನಡೆಯಿತು. ಅಪ್ಪ ಅಮ್ಮ ಮದ್ಯ ಮುಟ್ಟುವುದಿಲ್ಲ, ಮಾಂಸ ತಿನ್ನುವುದಿಲ್ಲ. ಎಲ್ಲ ಸೇರಿದ ದರ ಕಟ್ಟಿದರೆ ನಷ್ಟವಲ್ಲವೇ ಎಂದು ನನ್ನ ಪತಿ ಕೇಳಿದರು. ಲೆಕ್ಕದ ಪ್ರಕಾರ ಅದು ಸರಿ. ಆದರೂ ನಾನು ಹಟ ಹಿಡಿದು ಮುಂಗಡ ಕಟ್ಟಿಸಿದೆ. ದರಪಟ್ಟಿ ಕೈಗೆ ಬಂತೆಂದರೆ ಅಮ್ಮ ಡಾಲರನ್ನು ರೂಪಾಯಿಗೆ ಗುಣಿಸುತ್ತಾಳೆ. ಆಮೇಲೆ, “ನನಗೆ ಬಾಯಾರಿಕೆಯೇ ಇಲ್ಲ” ಎನ್ನುತ್ತಾಳೆ. ಈ ಆರು ತಿಂಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ. ದರಪಟ್ಟಿಯೇ ಇಲ್ಲದ ಒಂದು ದಿನ ಅವಳಿಗೆ ಬೇಕಾಗಿತ್ತು. ಹಿರಿಯರನ್ನು ಕರೆದೊಯ್ಯುವ ಎಲ್ಲರಿಗೂ ನಾನು ಇದನ್ನೇ ಹೇಳುವುದು. ಮೊದಲೇ ಕಟ್ಟಿಬಿಡಿ.

ಇಲ್ಲಿ ಅರಸೀಕೆರೆಯ ನಮ್ಮ ಮನೆಯ ರಾಮನವಮಿಯನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಬೀದಿಯಲ್ಲಿ ಹಿಂದಿನ ದಿನವೇ ತೆಂಗಿನ ಗರಿಯ ಚಪ್ಪರ ಏಳುತ್ತಿತ್ತು. ಅಮ್ಮ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಬೆಲ್ಲದ ಅಚ್ಚುಗಳನ್ನು ಕುಟ್ಟುತ್ತಿದ್ದಳು. ಆ ಸದ್ದಿಗೇ ನಮಗೆ ಎಚ್ಚರ. ಬೆಲ್ಲ ಕರಗಿಸಿ ಬಟ್ಟೆಯಲ್ಲಿ ಸೋಸಿ, ನಿಂಬೆ ಹಿಂಡಿ, ಏಲಕ್ಕಿ, ಒಣಶುಂಠಿ, ಕಾಳುಮೆಣಸಿನ ಪುಡಿ ಬೆರೆಸಿ ದೊಡ್ಡ ಹಿತ್ತಾಳೆಯ ಕೊಳಗ ತುಂಬಿಸುವಳು. ನಿಂಬೆ ದುಬಾರಿಯಾದ ವರ್ಷ ಹುಣಸೆಹಣ್ಣಿನ ಪಾನಕ. ಪಕ್ಕದಲ್ಲಿ ನೀರುಮಜ್ಜಿಗೆ, ಹೆಸರುಬೇಳೆಯ ಕೋಸಂಬರಿ. ಹತ್ತು ಗಂಟೆಗೆ ಕೊಳಗ ಚಪ್ಪರಕ್ಕೆ ಬರುತ್ತಿತ್ತು. ಬಿಸಿಲಿನಲ್ಲಿ ರೈಲು ಇಳಿದು ಬಂದವರು, ಸಂತೆಗೆ ಬಂದವರು, ಗಾಡಿ ಹೊಡೆಯುವವರು, ಶಾಲೆಯ ಮಕ್ಕಳು, ಯಾರೇ ಬಂದರೂ ಒಂದು ಲೋಟ. ಎರಡನೆಯ ಸಲ ಬಂದವರಿಗೂ ಒಂದು ಲೋಟ. ಅಮ್ಮ ಸೌಟು ಹಿಡಿದು ನಿಂತರೆ ಮಧ್ಯಾಹ್ನ ಮೂರರವರೆಗೆ ಕೂರುತ್ತಿರಲಿಲ್ಲ. ನಾನು ಲೋಟ ತೊಳೆಯುವವಳು. ಎಲ್ಲ ಮುಗಿದ ಮೇಲೆ ಕೊಳಗದ ತಳದಲ್ಲಿ ಬೆಲ್ಲದ ಗಸಿ ಅಂಟಿಕೊಂಡಿರುತ್ತಿತ್ತು. ಅಮ್ಮ ಅದಕ್ಕೆ ಒಂದು ಚೆಂಬು ನೀರು ಹಾಕಿ, ಕೈಯಾಡಿಸಿ, ಬಗ್ಗಿಸಿಕೊಂಡು ನಿಂತಲ್ಲೇ ಕುಡಿಯುತ್ತಿದ್ದಳು. ಅವಳ ರಾಮನವಮಿಯ ಪಾನಕ ಅದೇ, ಕೊಳಗ ತೊಳೆದ ನೀರು. ಪ್ರತಿ ವರ್ಷವೂ ಅದನ್ನು ನೋಡಿದ್ದೇನೆ. ಒಂದು ಲೋಟವನ್ನು ಅವಳಿಗೆಂದು ಮೊದಲೇ ಎತ್ತಿಡಬೇಕು ಎಂದು ನನಗೆ ಒಮ್ಮೆಯೂ ಹೊಳೆಯಲಿಲ್ಲ.

ಕೊಝುಮೆಲ್‌ನ ದಂಡೆಯಲ್ಲೂ ಗರಿಯ ಚಪ್ಪರಗಳೇ. ಅಲ್ಲಿನವರು ಪಲಾಪಾ ಎನ್ನುತ್ತಾರೆ. ಅಮ್ಮ ಅದರ ಕೆಳಗೆ ಸೆರಗು ಹೊದ್ದು ಒರಗುಕುರ್ಚಿಯ ಅಂಚಿನಲ್ಲಿ ಕುಳಿತಳು. ಒರಗಲಿಲ್ಲ. ಬಡಿಸುವ ಹುಡುಗ ಬಂದು ಏನು ಬೇಕೆಂದು ಕೇಳಿದ. ಮದ್ಯವಿಲ್ಲದ್ದು ಬೇಕೆಂದರೆ ಸ್ಪ್ಯಾನಿಷ್‌ನಲ್ಲಿ “ಸಿನ್ ಆಲ್ಕೋಹೋಲ್” ಎಂದರೆ ಸಾಕು. ಮಾಂಸ ಬೇಡವೆಂದರೆ “ಸಿನ್ ಕಾರ್ನೆ”. ಅಲ್ಲಿನ ಹುರುಳಿಕಾಯಿ ಬೀಜದ ಪಲ್ಯಕ್ಕೆ ಹಂದಿಯ ಕೊಬ್ಬು ಹಾಕುವುದುಂಟು, ಆದ್ದರಿಂದ “ಸಿನ್ ಮಂತೇಕಾ” ಎಂಬುದನ್ನೂ ಕಲಿತುಕೊಂಡು ಹೋಗಿ. ಹುಡುಗ ಇರುವ ಪಾನೀಯಗಳ ಹೆಸರು ಹೇಳುತ್ತಾ “ತಮರಿಂದೋ” ಎಂದ. ನಾನು ಅಮ್ಮನಿಗೆ ಅದನ್ನೇ ತರಿಸಿದೆ.

ಮೊದಲ ಲೋಟ ಬಂದಾಗ ಅಮ್ಮ ಎದ್ದು ನಿಂತು ಅದನ್ನು ಅಪ್ಪನಿಗೆ ಕೊಟ್ಟಳು. ಎರಡನೆಯದನ್ನು ಮೊಮ್ಮಗನಿಗೆ. ಮೂರನೆಯದು ನನ್ನ ಕೈಗೆ ಬಂತು. ಹುಡುಗ ಒಂದಿಷ್ಟೂ ಬೇಸರಿಸದೆ ನಾಲ್ಕನೆಯದನ್ನು ತಂದು ಅಮ್ಮನ ಮುಂದೆಯೇ ಇಟ್ಟ. ಕೊಡಲು ಇನ್ನು ಯಾರೂ ಉಳಿದಿರಲಿಲ್ಲ. ಅಮ್ಮ ಕುರ್ಚಿಗೆ ಒರಗಿ ಒಂದು ಗುಟುಕು ಕುಡಿದು, “ಇದು ನಮ್ಮ ಹುಣಸೆ ಪಾನಕ ಕಣೇ. ಬೆಲ್ಲ ಇಲ್ಲ, ಏಲಕ್ಕಿ ಇಲ್ಲ, ಅಷ್ಟೇ” ಎಂದಳು. ಹುಣಸೆ ಮೆಕ್ಸಿಕೋದ ಮೂಲದ ಮರವಲ್ಲ. ತಮರಿಂದೋ ಎಂಬ ಹೆಸರು ಹುಟ್ಟಿದ್ದೂ ಅರಬ್ಬರ ಬಾಯಲ್ಲಿ. ತಮರ್ ಹಿಂದಿ ಎಂದರೆ ಹಿಂದ್ ನಾಡಿನ ಖರ್ಜೂರ ಎಂದು ಅರ್ಥ. ಇದನ್ನು ಅಮ್ಮನಿಗೆ ಹೇಳುತ್ತಿದ್ದೆ. ಆಗ ನನ್ನ ಒಂಬತ್ತು ವರ್ಷದ ಮಗ ಮರಳಿನಿಂದ ತಲೆ ಎತ್ತಿ, “ಅಮ್ಮಾ, ಅಜ್ಜಿ ಕುಳಿತುಕೊಂಡು ಕುಡಿಯುವುದನ್ನು ನಾನು ಇವತ್ತೇ ನೋಡಿದ್ದು” ಎಂದ.

ನನಗೆ ಮಾತು ಹೊರಡಲಿಲ್ಲ. ಅಮ್ಮ ಕೇಳಿಸಿಕೊಂಡಳೋ ಇಲ್ಲವೋ, ಸಮುದ್ರ ನೋಡುತ್ತಿದ್ದಳು. ಎರಡು ಗಂಟೆಗಳ ಕಾಲ ಹಾಗೆಯೇ ಇದ್ದಳು.

ಹೊರಡುವಾಗ ನಮ್ಮನ್ನು ಕಾಪಾಡಿದ್ದು ಅಪ್ಪನ ಕೈಗಡಿಯಾರ, ಮದುವೆಯ ಕಾಲದ ಎಚ್‌ಎಂಟಿ ಜನತಾ. ಕೊಝುಮೆಲ್ ಇರುವ ಕಿಂತಾನಾ ರೋ ರಾಜ್ಯದಲ್ಲಿ 2015ರಿಂದ ವರ್ಷವಿಡೀ ಒಂದೇ ಸಮಯ. ಫ್ಲೋರಿಡಾದಲ್ಲಿ ಮಾರ್ಚ್‌ನಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತೇವೆ. ಹಾಗಾಗಿ ನವೆಂಬರ್‌ವರೆಗೆ ದ್ವೀಪ ನಮಗಿಂತ ಒಂದು ಗಂಟೆ ಹಿಂದೆ. ನಮ್ಮ ಹಡಗು ಟ್ಯಾಂಪಾದ ಸಮಯವನ್ನೇ ಇಟ್ಟುಕೊಂಡಿತ್ತು. ನಾಲ್ಕಕ್ಕೆ ಎಲ್ಲರೂ ಹಡಗಿನಲ್ಲಿರಬೇಕು. ನನ್ನ ಮೊಬೈಲ್ ದ್ವೀಪದ ಸಮಯ ಹಿಡಿದು 2.20 ತೋರಿಸುತ್ತಿತ್ತು. ಅಪ್ಪ, “3.20 ಆಯಿತಲ್ಲ, ಏಳುವುದಿಲ್ಲವೇ?” ಎಂದರು. ಟ್ಯಾಕ್ಸಿ ಹಿಡಿದು ತಲುಪುವಷ್ಟರಲ್ಲಿ ನನ್ನ ಎದೆ ಬಾಯಿಗೆ ಬಂದಿತ್ತು. ಹಡಗು ಇಳಿಯುವ ಮುನ್ನ ಹಡಗಿನ ಸಮಯ ಯಾವುದೆಂದು ನೋಡಿಕೊಂಡು, ಕೈಗೆ ಮುಳ್ಳಿನ ಗಡಿಯಾರ ಒಂದನ್ನು ಕಟ್ಟಿಕೊಳ್ಳಿ.

ಬೇರೆ ಬಂದರುಗಳ ಬಗ್ಗೆ ಎರಡೇ ಮಾತು. ಗ್ರ್ಯಾಂಡ್ ಕೇಮನ್‌ನ ಸೆವೆನ್ ಮೈಲ್ ಬೀಚ್ ಬಹಳ ಚೆನ್ನ, ಆದರೆ ಹಡಗು ಕಡಲಲ್ಲೇ ಲಂಗರು ಹಾಕುತ್ತದೆ, ಸಣ್ಣ ದೋಣಿಗೆ ಇಳಿಯಬೇಕು. ಮಂಡಿ ನೋವಿನವರಿಗೆ ಕಷ್ಟ. ಬಹಾಮಾಸ್‌ನ ನಸ್ಸೌನಲ್ಲಿ ಜಂಕನೂ ಬೀಚ್ ಬಂದರಿನಿಂದ ನಡೆದು ಹೋಗುವಷ್ಟು ಹತ್ತಿರ.

ಇನ್ನು ಸಂಘದ ಸೂಚನೆಗಳು. ಯುಗಾದಿ ಮತ್ತು ರಾಮನವಮಿಯ ಜಂಟಿ ಆಚರಣೆ ಏಪ್ರಿಲ್ ಮೊದಲ ಶನಿವಾರ ಬೆಳಗ್ಗೆ 10ಕ್ಕೆ, ಎಂದಿನ ಉದ್ಯಾನದ ಮಂಟಪದಲ್ಲಿ. ಒಬ್ಬಟ್ಟಿನ ಊಟ 12.30ಕ್ಕೆ. ಹಾಡು, ನೃತ್ಯಕ್ಕೆ ಹೆಸರು ಕೊಡುವ ಮಕ್ಕಳು ಈ ಭಾನುವಾರದೊಳಗೆ ತಿಳಿಸಬೇಕು. ಭಾನುವಾರದ ಕನ್ನಡ ತರಗತಿ ರಜೆಯ ನಂತರ ಮತ್ತೆ ಆರಂಭ, ಎರಡನೆಯ ಹಂತಕ್ಕೆ ಶಿಕ್ಷಕರೊಬ್ಬರು ಬೇಕು. ಸದಸ್ಯತ್ವ ನವೀಕರಿಸದವರು ದಯವಿಟ್ಟು ನವೀಕರಿಸಿ. ಪುಸ್ತಕ ವಿನಿಮಯದ ಪೆಟ್ಟಿಗೆಯನ್ನೂ ಅಂದು ತರುತ್ತೇವೆ.

ಒಂದು ಬೇಡಿಕೆಯೂ ಇದೆ. ನಮ್ಮ ಸಂಘದ ಪ್ರತಿಯೊಂದು ಊಟದಲ್ಲೂ ಬಡಿಸುವವರು ಅದೇ ನಾಲ್ಕು ಮಹಿಳೆಯರು. ಅವರು ಯಾರೆಂದು ನಿಮಗೆಲ್ಲ ಗೊತ್ತು. ಕಳೆದ ದೀಪಾವಳಿಯಲ್ಲಿ ಅವರು ಕುಳಿತಾಗ ಪಾಯಸ ಮುಗಿದಿತ್ತು, ಅನ್ನ ತಣ್ಣಗಾಗಿತ್ತು. ಅವರ ಜೊತೆ ನಾನೂ ಎಷ್ಟೋ ಸಲ ನಿಂತಿದ್ದೇನೆ, ಅದು ಸಹಜವೆಂದೇ ನಂಬಿದ್ದೆ. ಈ ಸಲ ಆ ನಾಲ್ವರು ಮೊದಲ ಪಂಕ್ತಿಯಲ್ಲಿ ಕುಳಿತು ಉಣ್ಣಬೇಕು. ಅದಕ್ಕೆ ಪಾನಕ ಮತ್ತು ಊಟ ಬಡಿಸಲು ಎಂಟು ಜನ ಬೇಕು. ಒಬ್ಬೊಬ್ಬರಿಗೂ ಒಂದು ಗಂಟೆಯ ಕೆಲಸ. ಗಂಡಸರು ಹೆಚ್ಚು ಬಂದರೆ ಬಹಳ ಸಂತೋಷ.

ಹಬ್ಬದ ಹೊತ್ತಿಗೆ ಅಮ್ಮ ಇಲ್ಲಿರುವುದಿಲ್ಲ. ಇಂದು ಮಧ್ಯಾಹ್ನ ಇನ್ನೂರು ಲೋಟಕ್ಕೆ ಸಾಕಾಗುವಷ್ಟು ಏಲಕ್ಕಿ, ಶುಂಠಿ, ಮೆಣಸಿನ ಪುಡಿಯನ್ನು ಕುಟ್ಟಿ ಬಾಟಲಿಗೆ ತುಂಬಿ, ಬೆಲ್ಲದ ಅಳತೆಯನ್ನು ಚೀಟಿಯಲ್ಲಿ ಬರೆದು ಅಂಟಿಸಿದ್ದಾಳೆ. ಬಾಟಲಿ ನನ್ನ ಮೇಜಿನ ಮೇಲೆಯೇ ಇದೆ. ಬಡಿಸುವವರ ಪಟ್ಟಿಯಲ್ಲಿ ಮೊದಲ ಹೆಸರನ್ನು ನನ್ನ ಮಗ ಬರೆದಾಗಿದೆ, ಕನ್ನಡದಲ್ಲಿ, ಒತ್ತಕ್ಷರ ಸಹಿತ. ಇನ್ನು ಏಳು ಹೆಸರು ಬೇಕು. ಶುಕ್ರವಾರದೊಳಗೆ ನನಗೆ ಫೋನ್ ಮಾಡಿ.